ಬಿಗಿ ಮಾಡೋದು ಕೊನೆಗೆ: ಕ್ಯಾರವಾನ್ ಸ್ಲೈಡ್‌ಔಟ್ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ, ಹಾಸನ-ಚಿಕ್ಕಮಗಳೂರಿನವರಿಗೆ

ಗಾಡಿ ನಿಲ್ಲಿಸಿ ಸ್ವಿಚ್ ಒತ್ತಿದರೆ ಗೋಡೆಯ ಒಂದು ಭಾಗ ಸೋಫಾ, ಮಂಚದ ಸಮೇತ ಎರಡು ಮೂರು ಅಡಿ ಹೊರಗೆ ಸರಿಯುತ್ತದಲ್ಲ, ಅದೇ ಸ್ಲೈಡ್‌ಔಟ್. ನಮ್ಮ ಕಡೆ ಕಾಣುವ ಕ್ಯಾರವಾನ್‌ಗಳಲ್ಲಿ ಇದು ಕಡಿಮೆ. ಆದರೆ ತೋಟದ ಹೋಂಸ್ಟೇಯಲ್ಲಿ ಒಂದು ರೂಮಿನ ಹಾಗೆ ನಿಲ್ಲಿಸಿಕೊಂಡವರು, ಬಸ್ ಚಾಸಿಸ್ ಮೇಲೆ ಕಟ್ಟಿಸಿಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರೆಲ್ಲರದ್ದೂ ಒಂದೇ ದೂರು: "ಲೂಸ್ ಆಗಿದೆ, ಟೈಟ್ ಮಾಡ್ಬೇಕು."

ನನ್ನ ಅನುಭವದಲ್ಲಿ ಈ ಮಾತು ಹೆಚ್ಚಿನ ಸಲ ತಪ್ಪು. ಗಡಗಡ ಅನ್ನುವುದು, ಒಂದು ಕಡೆ ಹಿಂದೆ ಬೀಳುವುದು, ನೀರು ಒಸರುವುದು, ಇವಕ್ಕೆಲ್ಲ ಸಾಮಾನ್ಯವಾಗಿ ಕಾರಣ ಬೇರೆಯೇ ಇರುತ್ತದೆ. ಗಾಡಿ ಮಟ್ಟದಲ್ಲಿ ನಿಂತಿರುವುದಿಲ್ಲ. ಬ್ಯಾಟರಿ ಇಳಿದಿರುತ್ತದೆ. ಇಲ್ಲಾ ಸ್ಲೈಡನ್ನು ಸರಿಸುವ ಹಲ್ಲಿನ ಪಟ್ಟಿಯಲ್ಲಿ ಕೆಸರು, ಎಲೆ ಕೂತಿರುತ್ತದೆ. ಇವನ್ನು ನೋಡದೆ ಪಾನಾ ಹಿಡಿದು ನಟ್ಟು ತಿರುಗಿಸಿದರೆ, ಸರಿಯಿದ್ದದ್ದೂ ಹಾಳಾಗುತ್ತದೆ. ಹಾಗಾಗಿ ಇಲ್ಲಿ ಬಿಗಿ ಮಾಡುವ ಕೆಲಸವನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ.

ನಿಮ್ಮದು ಯಾವ ಥರದ್ದು?

ವಿದ್ಯುತ್ ಸ್ಲೈಡ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಗಾಡಿ ಕೆಳಗೆ ಬಗ್ಗಿ ನೋಡಿದಾಗ ಎರಡು ದಪ್ಪ ಕಬ್ಬಿಣದ ತೋಳುಗಳು, ಅವುಗಳ ಮೈಮೇಲೆ ಹಲ್ಲುಗಳು, ಎರಡನ್ನೂ ಜೋಡಿಸುವ ಉದ್ದನೆಯ ಶಾಫ್ಟ್ ಕಂಡರೆ ಅದು ರ‍್ಯಾಕ್ ಮತ್ತು ಪಿನಿಯನ್. ಗಟ್ಟಿಮುಟ್ಟು, ನಮ್ಮ ವರ್ಕ್‌ಶಾಪಿನವರಿಗೂ ನೋಡಿದ ತಕ್ಷಣ ಅರ್ಥವಾಗುತ್ತದೆ. ಕೆಳಗೆ ಏನೂ ಕಾಣದೆ, ಸ್ಲೈಡಿನ ಎರಡೂ ಬದಿಯ ಗೋಡೆಯಲ್ಲಿ ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ಹಲ್ಲಿನ ಪಟ್ಟಿ ಇದ್ದರೆ ಅದು ಗೋಡೆಯೊಳಗಿನ ಮೋಟಾರಿನದ್ದು. ಅಮೆರಿಕದ ಗಾಡಿಗಳಲ್ಲಿ ಬರುವ ಶ್ವಿಂಟೆಕ್ ಈ ಜಾತಿಯದ್ದು. ಮೂಲೆಗಳಲ್ಲಿ ತೆಳು ಉಕ್ಕಿನ ಕೇಬಲ್ ಓಡಿದ್ದರೆ ಅದು ಕೇಬಲ್ ಸ್ಲೈಡ್. ಎಣ್ಣೆ ಒತ್ತಡದಿಂದ ಓಡುವ ಹೈಡ್ರಾಲಿಕ್ ಸ್ಲೈಡುಗಳೂ ಇವೆ. ಅವುಗಳ ದಾರಿಯೇ ಬೇರೆ, ಇಲ್ಲಿ ಬಿಟ್ಟಿದ್ದೇನೆ.

ಯಾವುದು ಅಂತ ಖಾತ್ರಿಯಾಗುವ ತನಕ ಒಂದು ನಟ್ಟನ್ನೂ ಮುಟ್ಟಬೇಡಿ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಕೈ ಹಾಕುವ ಮುಂಚೆ

ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಕೆಳಗೆ ನುಗ್ಗುವುದಿದ್ದರೆ, ಹಲ್ಲುಗಳ ಹತ್ತಿರ ಬೆರಳು ಹೋಗುವುದಿದ್ದರೆ, ಬ್ಯಾಟರಿಯ ನೆಗೆಟಿವ್ ಕಳಚಿ. ಸ್ವಿಚ್ ಆಫ್ ಇದೆ ಅನ್ನುವ ನಂಬಿಕೆ ಸಾಲದು. ಮನೆಯಲ್ಲಿ ಮಕ್ಕಳಿದ್ದರೆ ಆ ಗುಂಡಿ ಒತ್ತದೇ ಬಿಡುತ್ತಾರಾ? ಉಂಗುರ, ವಾಚು ಬಿಚ್ಚಿಡಿ. ಸ್ವಿಚ್ ಹತ್ತಿರ ಒಬ್ಬರು, ಹೊರಗೆ ಒಬ್ಬರು ಇರಲಿ. ಹೊರಗಿನವರು "ನಿಲ್ಸು" ಅಂದ ತಕ್ಷಣ ಕೈ ತೆಗೆಯಬೇಕು, "ಯಾಕೆ?" ಅಂತ ಕೇಳುವುದು ಆಮೇಲೆ.

ಮೊದಲ ಹೆಜ್ಜೆ: ಮಟ್ಟ

ಮಲೆನಾಡಿನಲ್ಲಿ ಸಮತಟ್ಟಾದ ಜಾಗ ಹುಡುಕುವುದೇ ಒಂದು ಕೆಲಸ. ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆ ಅಂಗಳಗಳು ನೋಡಲು ಮಟ್ಟವಾಗಿದ್ದರೂ ನೀರು ಹರಿದು ಹೋಗಲಿ ಅಂತ ಒಂದು ಕಡೆ ಇಳಿಜಾರು ಇಟ್ಟಿರುತ್ತಾರೆ. ಆ ಕಡೆಗೆ ಸ್ಲೈಡ್ ಬಿಟ್ಟರೆ ಅದರ ಭಾರವೆಲ್ಲ ಮುಂದಕ್ಕೆ ಜಗ್ಗುತ್ತದೆ. ಒಳಗೆ ಎಳೆಯುವಾಗ ಮೋಟಾರ್ ಗುಡ್ಡ ಹತ್ತಿದ ಹಾಗೆ ಒದ್ದಾಡುತ್ತದೆ.

ನನಗೆ ಗೊತ್ತಿರುವ ಅತ್ಯುತ್ತಮ ಜಾಗ ಕಾಫಿ ಕಣ. ಗಟ್ಟಿ ಸಿಮೆಂಟು, ಅಗಲ, ಹೆಚ್ಚುಕಡಿಮೆ ಮಟ್ಟ. ಆದರೆ ಡಿಸೆಂಬರ್‌ನಿಂದ ಫೆಬ್ರವರಿ ತನಕ ಅಲ್ಲಿ ಹಣ್ಣು ಹರವಿರುತ್ತಾರೆ, ಗಾಡಿ ತರ್ತೀನಿ ಅಂದರೆ ತೋಟದ ರೈಟರ್ ಮುಖ ನೋಡಬೇಕು! ಉಳಿದ ತಿಂಗಳಲ್ಲಿ ಕೇಳಿ ನೋಡಿ.

ಗಾರೆಯವರು ಬಳಸುವ ರಸಮಟ್ಟ ಒಂದನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ. ಗಾಡಿಯೊಳಗಿನ ನೆಲದ ಮೇಲೆ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಇಟ್ಟು ಗುಳ್ಳೆ ನಡುವೆ ಬರುವ ತನಕ ಚಕ್ರದ ಕೆಳಗೆ ಹಲಗೆ ಕೊಡಿ. ಮಟ್ಟ ಮಾಡುವುದು ಮೊದಲು, ಸ್ಲೈಡ್ ಬಿಡುವುದು ಆಮೇಲೆ. ಸ್ಲೈಡ್ ಹೊರಗಿಟ್ಟು ಗಾಡಿಗೆ ಜಾಕಿ ಕೊಟ್ಟರೆ ಬಾಡಿ ತಿರುಚಿ ಸ್ಲೈಡ್ ಬಾಯಿಯಲ್ಲೇ ಕಚ್ಚಿಕೊಳ್ಳುತ್ತದೆ. ಕೆಲವು ತಯಾರಕರ ಪುಸ್ತಕದಲ್ಲಿ ಈ ಕ್ರಮ ಬೇರೆ ಇರಬಹುದು, ಇದ್ದರೆ ಅದನ್ನೇ ಪಾಲಿಸಿ. ಮಟ್ಟ ಮಾಡಿದ ಮೇಲೆ "ಲೂಸ್" ಅನ್ನುವ ದೂರು ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ.

ಎರಡನೆಯದು: ಕಸ, ಕೆಸರು

ಹಾಸನ ಜಿಲ್ಲೆಯಲ್ಲೇ ಎರಡು ಹವಾಮಾನ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಧೂಳು. ಸಕಲೇಶಪುರ ದಾಟಿದರೆ ನೀರು. ಚಿಕ್ಕಮಗಳೂರಿನಲ್ಲೂ ಅಷ್ಟೇ, ಕಡೂರು ಒಣ ಊರು, ಕೊಪ್ಪ ಶೃಂಗೇರಿ ಒದ್ದೆ ಊರು. ಧೂಳಿನ ಕಡೆ ಓಡಿಸಿ ತಂದ ಗಾಡಿಯ ಹಲ್ಲುಗಳಲ್ಲಿ ಸಣ್ಣ ಮರಳು ಕೂತಿರುತ್ತದೆ. ಅದಕ್ಕೆ ಗ್ರೀಸ್ ಸೇರಿದರೆ ಉಜ್ಜುಕಾಗದವೇ ಆಯ್ತು, ಹಲ್ಲು ಸವೆಯುತ್ತದೆ. ಮಳೆಯ ಕಡೆ ಸಮಸ್ಯೆ ತುಕ್ಕಿನದ್ದು, ಎಲೆಯದ್ದು.

ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದರೆ ಒಂದು ರಾತ್ರಿಯಲ್ಲಿ ಸ್ಲೈಡಿನ ತಾರಸಿ ತುಂಬ ಎಲೆ. ಮಳೆಯಲ್ಲಿ ನೆನೆದು ಅವು ಹಾಳೆಯ ಹಾಗೆ ಅಂಟಿಕೊಳ್ಳುತ್ತವೆ. ಹಾಗೇ ಒಳಗೆ ಎಳೆದರೆ ರಬ್ಬರ್ ಪಟ್ಟಿ ಎಲೆಯನ್ನು ತಡೆಯುವುದಿಲ್ಲ, ಮಡಚಿಕೊಂಡು ಎಲೆ, ನೀರು ಎರಡನ್ನೂ ನಿಮ್ಮ ಮಂಚದ ಮೇಲೆ ತರುತ್ತದೆ. ಒಳಗೆ ತೆಗೆಯುವ ಮುಂಚೆ ಏಣಿ ಹಾಕಿ, ಉದ್ದ ಕೋಲಿನ ಮೆತ್ತನೆ ಪೊರಕೆಯಿಂದ ಗುಡಿಸಿ. ಮಳೆ ಹನಿಯುತ್ತಿದೆ ಅಂತ ಗಡಿಬಿಡಿಯಲ್ಲಿ ಬಿಟ್ಟುಬಿಡುವ ಹೆಜ್ಜೆ ಇದು. ತೆಂಗಿನ ಮರದ ಕೆಳಗಂತೂ ನಿಲ್ಲಿಸಲೇಬೇಡಿ, ಗರಿ ಬಿದ್ದರೂ ತಾರಸಿ ತೂತು.

ತೋಳುಗಳಿಗೆ, ಹಲ್ಲಿನ ಪಟ್ಟಿಗೆ ಮೊದಲು ಒಣ ಬ್ರಷ್, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣ ಬಟ್ಟೆ. ಪ್ರೆಶರ್ ವಾಷರ್ ಬೇಡ. ಅದರ ನೀರು ಬೇರಿಂಗ್ ಒಳಗೆ, ಮೋಟಾರ್ ಒಳಗೆ, ಗೋಡೆಯ ಪ್ಲೈವುಡ್ ಒಳಗೆ ನುಗ್ಗುತ್ತದೆ. ಆರು ತಿಂಗಳು ಅಲ್ಲಾಡದೆ ನಿಂತ ಗಾಡಿಯಾದರೆ ಟಾರ್ಚ್ ಹಿಡಿದು ಹಲ್ಲಿನ ಉದ್ದಕ್ಕೂ ನೋಡಿ. ಕಣಜ ಕಟ್ಟಿದ ಮಣ್ಣಿನ ಗೂಡು, ಇರುವೆ, ಇಲಿ ಕಡಿದ ವೈರ್, ಇವೆಲ್ಲ ತೋಟದಲ್ಲಿ ಮಾಮೂಲಿ.

ತುಕ್ಕು ಕಂಡರೆ ತಂತಿ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗುವ ಜಾತಿಯ ಲೂಬ್ರಿಕೆಂಟ್ ತೆಳುವಾಗಿ ಹೊಡೆಯಿರಿ. ಸಿಲಿಕೋನ್ ಅಥವಾ ಪಿಟಿಎಫ್ಇ (ಟೆಫ್ಲಾನ್) ಇರುವ ಡ್ರೈ ಸ್ಪ್ರೇ ಅಂತ ಕೇಳಿ. ಸ್ವಿಚ್ ಒತ್ತಿ ಎರಡು ಸಲ ಒಳಗೆ ಹೊರಗೆ ಆಡಿಸಿ, ಹೆಚ್ಚಾದದ್ದನ್ನು ಒರೆಸಿ. ಟ್ರಾಕ್ಟರ್‌ಗೆ ಹಾಕುವ ಗ್ರೀಸ್, ಹಳೆ ಎಂಜಿನ್ ಆಯಿಲ್ ಬೇಡವೇ ಬೇಡ. "ಸ್ವಲ್ಪ ಗ್ರೀಸ್ ಹಾಕಿದ್ರೆ ಏನಾಗುತ್ತೆ ಸಾರ್" ಅನ್ನುವ ಮೆಕ್ಯಾನಿಕ್‌ಗೆ ಪ್ರೀತಿಯಿಂದಲೇ ಬೇಡ ಅನ್ನಿ.

ಮೂರನೆಯದು: ಬ್ಯಾಟರಿ

ಸ್ಲೈಡ್ ಮೋಟಾರ್ ಸಾಮಾನ್ಯವಾಗಿ 12 ವೋಲ್ಟ್ ಡಿಸಿ. ಅಷ್ಟು ಭಾರ ಎಳೆಯಲು ಕರೆಂಟು ಜಾಸ್ತಿ ಬೇಕು. ವೋಲ್ಟೇಜ್ ಇಳಿದರೆ ಮೋಟಾರ್ ನಿಧಾನವಾಗುತ್ತದೆ, ಭಾರ ಬಿದ್ದ ಕಡೆ ನಿಂತೇ ಹೋಗುತ್ತದೆ. ನೋಡುವವರಿಗೆ ಅದು "ಜಾಮ್" ಅನ್ನಿಸುತ್ತದೆ.

ಮಲ್ಟಿಮೀಟರ್ ತೆಗೆದುಕೊಳ್ಳಿ. ಗಾಡಿ ಕೆಲವು ಗಂಟೆ ಸುಮ್ನೆ ನಿಂತ ಮೇಲೆ ಸೀಸದ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧದ ಹತ್ತಿರ. 12ಕ್ಕಿಂತ ಕೆಳಗಿದ್ದರೆ ಸ್ಲೈಡ್ ಮುಟ್ಟಬೇಡಿ, ಮೊದಲು ಚಾರ್ಜ್ ಮಾಡಿ. ಎಂಜಿನ್ ಆನ್ ಮಾಡಿಯೋ ಚಾರ್ಜರ್ ಹಾಕಿಯೋ ಸ್ಲೈಡ್ ಓಡಿಸುವ ಅಭ್ಯಾಸ ಒಳ್ಳೆಯದು. ಆದರೆ ಕೆಲವು ಗಾಡಿಗಳಲ್ಲಿ ಎಂಜಿನ್ ಕೀ ಆನ್ ಇದ್ದರೆ ಸ್ಲೈಡ್ ಓಡದ ಹಾಗೆ ಬೀಗ ಇಟ್ಟಿರುತ್ತಾರೆ. ಅದು ಸುರಕ್ಷತೆಗೆ ಇಟ್ಟದ್ದು, ಕಿತ್ತು ಹಾಕಿಸಬೇಡಿ.

ಇನ್ನೊಂದು ಪರೀಕ್ಷೆ ಮಾಡಿ, ಇದು ತುಂಬ ಹೇಳುತ್ತದೆ. ಒಬ್ಬರು ಸ್ವಿಚ್ ಒತ್ತಿ ಹಿಡಿದಾಗ ಇನ್ನೊಬ್ಬರು ಮೊದಲು ಬ್ಯಾಟರಿ ತುದಿಯಲ್ಲಿ, ಆಮೇಲೆ ಮೋಟಾರಿನ ವೈರಿನಲ್ಲಿ ವೋಲ್ಟೇಜ್ ನೋಡಿ. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ವೋಲ್ಟ್ ದಾಟಿದರೆ ಮೋಟಾರಿಗೆ ಬಯ್ಯಬೇಡಿ, ದಾರಿಯಲ್ಲಿ ಎಲ್ಲೋ ಜಾಯಿಂಟು ಕೆಟ್ಟಿದೆ. ಬಾಡಿಗೆ ನೆಗೆಟಿವ್ ವೈರ್ ಕೂರಿಸಿದ ಅರ್ತ್ ಬೋಲ್ಟಿನಿಂದ ಶುರು ಮಾಡಿ. ಮಲೆನಾಡಿನ ತೇವಕ್ಕೆ ಮೊದಲು ಹಸಿರಾಗುವುದು ಅದೇ. ಬಿಚ್ಚಿ, ಬಣ್ಣ ಹೋಗಿ ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿ ತುದಿಯ ಬಿಳಿ ಹಿಟ್ಟನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಬಹುದು, ಆದರೆ ಆ ನೀರು ಬ್ಯಾಟರಿ ಮುಚ್ಚಳದ ಒಳಗೆ ಹೋಗಬಾರದು. ಇಷ್ಟನ್ನು ಊರಿನ ಯಾವ ಆಟೋ ಎಲೆಕ್ಟ್ರಿಷಿಯನ್ ಬೇಕಾದರೂ ಮಾಡಿಕೊಡುತ್ತಾನೆ. ಕ್ಯಾರವಾನ್ ಅಂದರೆ ಹಿಂಜರಿಯುತ್ತಾರೆ, "12 ವೋಲ್ಟ್ ಮೋಟಾರ್ ಅಣ್ಣ, ಅರ್ತ್ ನೋಡಿ" ಅಂದರೆ ಧೈರ್ಯ ಬರುತ್ತದೆ.

ನಾಲ್ಕನೆಯದು: ರಬ್ಬರ್

ಸ್ಲೈಡ್ ಸುತ್ತ ಎರಡು ಥರದ ಬೀಡಿಂಗ್ ಇರುತ್ತದೆ. ಟೊಳ್ಳಾಗಿ ಉಬ್ಬಿದ್ದು ಒತ್ತಿಕೊಂಡು ನೀರು ತಡೆಯುತ್ತದೆ, ಚಪ್ಪಟೆ ನಾಲಿಗೆಯಂಥದ್ದು ಗೋಡೆ ಒರೆಸುತ್ತದೆ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹಾಕಿ ಸವರಿ. ಹೆಚ್ಚಿನವು ಇಪಿಡಿಎಂ ಅನ್ನುವ ಕೃತಕ ರಬ್ಬರ್. ಡೀಸೆಲ್, ಸೀಮೆಎಣ್ಣೆ, ಗ್ರೀಸ್ ತಾಗಿದರೆ ಊದಿಕೊಳ್ಳುತ್ತದೆ. ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ, ಬಿರುಕು ಶುರುವಾಗುವುದು ಅಲ್ಲೇ. ಸ್ಲೈಡ್ ನೆಲದ ಕೆಳಗಿನ ಪ್ಲೈವುಡ್ ಅಂಚನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಮೆತ್ತಗಿದ್ದರೆ ನೀರು ಆಗಲೇ ಕುಡಿದಿದೆ. ಅಂಥ ನೆಲದ ಮೇಲೆ ಎಷ್ಟು ಬಿಗಿ ಮಾಡಿದರೂ ಸ್ಕ್ರೂ ಹಿಡಿಯುವುದಿಲ್ಲ, ಮೊದಲು ಮರದ ಕೆಲಸ.

ಐದನೆಯದು: ಅಳತೆ

ಈಗ ನಿಜವಾಗಿ ಬಿಗಿ ಬೇಕಾ ಅಂತ ನೋಡುವ ಹೊತ್ತು. ಎ4 ಹಾಳೆಯನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ. ಸ್ಲೈಡ್ ಹೊರಗಿದ್ದಾಗ ನಾಲ್ಕು ಮೂಲೆ, ನಾಲ್ಕು ಬದಿಯ ನಡುವೆ, ರಬ್ಬರ್ ಒತ್ತುವ ಜಾಗದಲ್ಲಿ ಒಂದೊಂದು ಪಟ್ಟಿಯನ್ನು ಟೇಪಿನಿಂದ ಅಂಟಿಸಿ. ಸ್ಲೈಡನ್ನು ಪೂರ್ತಿ ಒಳಗೆ ತನ್ನಿ. ಹೊರಗೆ ಬಂದು ಒಂದೊಂದನ್ನೇ ಎಳೆಯಿರಿ. ಸ್ವಲ್ಪ ತಡೆದು, ಹರಿಯದೆ ಬಂದರೆ ಸರಿ. ಗಾಳಿಗೆ ಹಾರಿದ ಹಾಗೆ ಬಂದರೆ ಅಲ್ಲಿ ರಬ್ಬರ್ ತಾಗುತ್ತಿಲ್ಲ. ಹರಿದು ಕೈಗೆ ಬಂದರೆ ಅಲ್ಲಿ ಅತಿಯಾಗಿ ಒತ್ತಿದೆ. ಜೊತೆಗೆ ಸ್ಲೈಡಿನ ಅಂಚಿಗೂ ಗೋಡೆಗೂ ನಡುವಿನ ಸಂದನ್ನು ನಾಲ್ಕು ಮೂಲೆಯಲ್ಲೂ ಸ್ಕೇಲಿನಿಂದ ಅಳೆದು, ಅಲ್ಲೇ ಟೇಪಿನ ಮೇಲೆ ಬರೆದಿಡಿ.

ಈ ನಾಲ್ಕು ಅಂಕಿಗಳೇ ರೋಗ ಹೇಳುತ್ತವೆ. ಮುಂದಿನ ಕಡೆ ಒಂದು, ಹಿಂದಿನ ಕಡೆ ಇನ್ನೊಂದು ಅಳತೆ ಬಂದರೆ ಎರಡು ಬದಿ ಜೊತೆಯಾಗಿ ಓಡುತ್ತಿಲ್ಲ. ಮೇಲೆ ಸಂದು ಜಾಸ್ತಿ, ಕೆಳಗೆ ಕಡಿಮೆ ಇದ್ದರೆ ಸ್ಲೈಡಿನ ಹೊರತುದಿ ಜೋತು ಬಿದ್ದಿದೆ. ನಾಲ್ಕೂ ಕಡೆ ಒಂದೇ ಸಮ ಸಂದಿದ್ದರೆ ಮಾತ್ರ ಅದು ನಿಜವಾದ "ಲೂಸ್".

ಆರನೆಯದು: ಬಿಗಿ

*ರ‍್ಯಾಕ್ ಮತ್ತು ಪಿನಿಯನ್.* ಮೋಟಾರ್ ಕೂರಿಸಿದ ಬೋಲ್ಟು, ತೋಳಿನ ಬ್ರಾಕೆಟ್ ಬೋಲ್ಟು, ಶಾಫ್ಟಿನ ಕಪ್ಲಿಂಗ್ (ಜೋಡಣೆ) ಬೋಲ್ಟು, ಈ ಮೂರನ್ನು ಮೊದಲು ನೋಡಿ. ಅಮೆರಿಕದ ಗಾಡಿಯಾದರೆ ಇಂಚಿನ ಪಾನಾ ಬೇಕು. ಅರ್ಧ ಇಂಚು ಅಂದರೆ 12.7 ಮಿ.ಮೀ. 13ರ ಪಾನಾ ಕೂತ ಹಾಗೆ ಕಾಣುತ್ತದೆ, ತುಕ್ಕು ಹಿಡಿದ ಬೋಲ್ಟಿಗೆ ಜೋರು ಕೊಟ್ಟರೆ ಜಾರಿ ಮೂಲೆ ಉರುಟಾಗುತ್ತದೆ.

ಒಂದು ಬದಿ ಹಿಂದೆ ಬೀಳುತ್ತಿದ್ದರೆ, ಹಳೆ ಮೇಜಿನ ಅಗಲವಾದ ಡ್ರಾಯರನ್ನು ಒಂದು ಮೂಲೆ ಹಿಡಿದು ತಳ್ಳಿದಾಗ ಅದು ಓರೆಯಾಗಿ ಸಿಕ್ಕಿಕೊಳ್ಳುತ್ತದಲ್ಲ, ಇಲ್ಲೂ ಅದೇ ಆಗಿರುತ್ತದೆ. ಕಪ್ಲಿಂಗ್ ಬೋಲ್ಟನ್ನು ಬಿಚ್ಚಿ ನೋಡಿ. ಅದು ಸವೆದಿರಬಹುದು, ತೂತು ಮೊಟ್ಟೆಯಾಕಾರಕ್ಕೆ ಅಗಲವಾಗಿರಬಹುದು, ಅಥವಾ ಶಿಯರ್ ಬೋಲ್ಟು ತುಂಡಾಗಿರಬಹುದು. ಶಿಯರ್ ಬೋಲ್ಟ್ ಇರುವುದೇ ತುಂಡಾಗಲು. ಎಲ್ಲಾದರೂ ಸಿಕ್ಕಿಕೊಂಡರೆ ಗೇರ್ ಬದಲು ಅದು ಹೋಗಲಿ ಅಂತ. ರೋಟವೇಟರ್ ಇಟ್ಟುಕೊಂಡವರಿಗೆ ಹೇಳಬೇಕಿಲ್ಲ. ಅದರ ಜಾಗಕ್ಕೆ ಅದೇ ಅಳತೆ, ಅದೇ ಗ್ರೇಡಿನದ್ದು ಹಾಕಿ. "ಇದಕ್ಕಿಂತ ಸ್ಟ್ರಾಂಗ್ ಇದೆ" ಅಂತ ಅಂಗಡಿಯವರು ಹೈ-ಟೆನ್ಸೈಲ್ ಬೋಲ್ಟು ಕೊಟ್ಟರೆ ತಗೊಳ್ಳಬೇಡಿ, ಮುಂದಿನ ಸಲ ತುಂಡಾಗುವುದು ಗೇರ್‌ಬಾಕ್ಸ್.

ಬೋಲ್ಟು ಚೆನ್ನಾಗಿದ್ದೂ ಅಳತೆ ತಪ್ಪಿದ್ದರೆ, ಅದನ್ನು ಹೊರತೆಗೆದ ಸ್ಥಿತಿಯಲ್ಲೇ ಹಿಂದೆ ಬಿದ್ದ ಬದಿಯ ಶಾಫ್ಟನ್ನು ಪಾನಾದಿಂದ ಕೈಯಲ್ಲಿ ತಿರುಗಿಸಿ. ಎರಡೂ ಕಡೆಯ ಸಂದು ಸಮ ಆದಾಗ ಬೋಲ್ಟು ಹಾಕಿ. ತೂತಿಗೆ ತೂತು ಕೂಡದಿದ್ದರೆ ಹೊಸ ತೂತು ಕೊರೆಯಬೇಡಿ, ಒಂದೆರಡು ಮಿ.ಮೀ. ಆ ಕಡೆ ಈ ಕಡೆ ಒಪ್ಪಿಕೊಳ್ಳಿ.

ಹೊರತುದಿ ಜೋತಿದ್ದರೆ ತೋಳಿನ ತುದಿಯಲ್ಲಿ ಎತ್ತರ ಹೊಂದಿಸುವ ಬೋಲ್ಟು ಇರುತ್ತದೆ. ಬ್ರಾಕೆಟ್ಟಿನ ಹಿಡಿತದ ಬೋಲ್ಟುಗಳನ್ನು ಸಡಿಲಿಸಿ, ಬಿಚ್ಚಬೇಡಿ. ಸ್ಲೈಡ್ ಕೆಳಗೆ ಅಗಲ ಹಲಗೆ ಇಟ್ಟು ಜಾಕಿಯಿಂದ ಭಾರ ಮಾತ್ರ ತಗ್ಗಿಸಿ, ಎರಡೂ ತೋಳಿಗೆ ಸಮವಾಗಿ ಸ್ವಲ್ಪ ಸ್ವಲ್ಪ ಎತ್ತಿ, ಆಮೇಲೆ ಹಿಡಿತದ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ. ಹಲಗೆಯಿಲ್ಲದೆ ಜಾಕಿ ಕೊಟ್ಟರೆ ನೆಲ ತೂತಾಗುತ್ತದೆ.

ನಾಲ್ಕೂ ಕಡೆ ಸಮವಾಗಿ ಲೂಸ್ ಇದ್ದರೆ ಸ್ಲೈಡ್ ಒಳಬಂದು ನಿಲ್ಲುವ ಜಾಗ ತೀರ್ಮಾನಿಸುವ ಸ್ಟಾಪ್ ನಟ್ಟಿಗೆ ಬನ್ನಿ. ಒಂದರ ಮೇಲೊಂದು ಎರಡು ನಟ್ಟು ಇರುತ್ತವೆ. ಲಾಕ್ ನಟ್ ಸಡಿಲಿಸಿ, ಇನ್ನೊಂದನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ಸಾಮಾನ್ಯ ಎಂ12 (12 ಮಿ.ಮೀ. ದಪ್ಪದ) ಥ್ರೆಡ್‌ನಲ್ಲಿ ಒಂದು ಸುತ್ತಿಗೆ 1.75 ಮಿ.ಮೀ. ಸರಿಯುತ್ತದೆ, ಕಾಲು ಸುತ್ತಿಗೆ ಅರ್ಧ ಮಿ.ಮೀ.ಗಿಂತ ಕಡಿಮೆ. ಅಷ್ಟೇನಾ ಅನ್ನಿಸಬಹುದು. ರಬ್ಬರಿಗೆ ಅದು ಸಾಕು. ಎರಡು ಬದಿಗೂ ಅಷ್ಟೇ ತಿರುಗಿಸಿ, ಸ್ಲೈಡ್ ಒಳತಂದು ಮತ್ತೆ ಹಾಳೆ ಎಳೆದು ನೋಡಿ, ಬೇಕಿದ್ದರೆ ಇನ್ನು ಕಾಲು. ರಬ್ಬರ್ ಚಪ್ಪಟೆಯಾಗುವಷ್ಟು ಬಿಗಿ ಮಾಡಿದರೆ ನೀರು ನಿಲ್ಲುವುದಿಲ್ಲ. ಕೆಲವೇ ತಿಂಗಳಲ್ಲಿ ರಬ್ಬರಿನ ಪುಟಿತ ಸತ್ತು ಮೊದಲಿಗಿಂತ ಜಾಸ್ತಿ ಸೋರುತ್ತದೆ, ಮೋಟಾರ್ ಪ್ರತಿ ಸಲ ಕೊನೆಯಲ್ಲಿ ನರಳುತ್ತದೆ.

ಕೆಲಸ ಮುಗಿದ ಮೇಲೆ ಲಾಕ್ ನಟ್ ಮತ್ತೆ ಬಿಗಿ ಮಾಡಿ, ನಟ್ಟಿನಿಂದ ಬ್ರಾಕೆಟ್ಟಿಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಬಗ್ಗಿ ನೋಡಿದಾಗ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಕಣ್ಣಿಗೇ ಕಾಣುತ್ತದೆ.

*ಕೇಬಲ್.* ಸ್ಲೈಡಿನ ಹೊರತುದಿಗೆ ಕಟ್ಟಿದ ಕೇಬಲ್ ಅದನ್ನು ಒಳಗೆ ಎಳೆಯುತ್ತದೆ, ಒಳತುದಿಗೆ ಕಟ್ಟಿದ್ದು ಹೊರಗೆ. ಯಾವುದು ಸಡಿಲ ಅಂತ ಗೊತ್ತಾಗದೆ ಎಲ್ಲವನ್ನೂ ಬಿಗಿದರೆ ಒಂದರ ಜೊತೆ ಒಂದು ಜಗಳವಾಡುತ್ತವೆ. ಮೊದಲು ಕರೆಂಟು ತೆಗೆದು, ಹತ್ತಿ ಬಟ್ಟೆಯನ್ನು ಕೇಬಲ್ ಮೇಲೆ ಉದ್ದಕ್ಕೂ ಸವರಿ. ಎಳೆ ತುಂಡಾದ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಬರಿ ಕೈಯಲ್ಲಿ ಸವರಿದರೆ ಅದೇ ಎಳೆ ಚರ್ಮಕ್ಕೆ ನುಗ್ಗುತ್ತದೆ. ಒಂದು ಎಳೆ ಹೋಗಿದ್ದರೂ ಆ ಕೇಬಲ್ ಬದಲಿಸಿ, ಬಿಗಿ ಮಾಡಬೇಡಿ. ಬಿಗಿ ಮಾಡುವಾಗ ಕೇಬಲ್ ತುದಿಯ ರಾಡನ್ನು ಒಂದು ಪಾನಾದಲ್ಲಿ ಅಲ್ಲಾಡದ ಹಾಗೆ ಹಿಡಿದು ಇನ್ನೊಂದರಲ್ಲಿ ನಟ್ಟು ತಿರುಗಿಸಿ, ಇಲ್ಲದಿದ್ದರೆ ಕೇಬಲ್ಲೇ ತಿರುಚಿಕೊಳ್ಳುತ್ತದೆ. ಬೆರಳಿನಿಂದ ಒತ್ತಿದರೆ ಸ್ವಲ್ಪ ಬಗ್ಗಬೇಕು. ವೀಣೆ ತಂತಿ ಮಾಡಲು ಹೋಗಬೇಡಿ.

*ಗೋಡೆಯೊಳಗಿನ ಮೋಟಾರ್.* ಇಲ್ಲಿ ನೀವು ಬಿಗಿ ಮಾಡುವಂಥದ್ದು ಹೆಚ್ಚೇನಿಲ್ಲ. ಎರಡು ಬದಿಗೆ ಎರಡು ಮೋಟಾರ್, ಅವುಗಳ ಸುತ್ತುಗಳನ್ನು ಒಂದು ಕಂಟ್ರೋಲರ್ ಎಣಿಸುತ್ತದೆ. ಲೆಕ್ಕ ತಪ್ಪಿದರೆ ಸ್ಲೈಡ್ ಓರೆ. ಸರಿಪಡಿಸಲು ಸ್ಲೈಡನ್ನು ಪೂರ್ತಿ ಹೊರಗೆ ಬಿಟ್ಟು, ಮೋಟಾರ್ ಎರಡೂ ತಾವಾಗಿ ನಿಲ್ಲುವ ತನಕ ಸ್ವಿಚ್ ಒತ್ತಿಯೇ ಇರಿ. ಒಂದೆರಡು ಇಂಚು ಒಳಗೆ ತಂದು ಮತ್ತೆ ಪೂರ್ತಿ ಹೊರಗೆ ಬಿಡಿ. ಎರಡೂ ಒಟ್ಟಿಗೆ ನಿಲ್ಲುವ ತನಕ ಹೀಗೆ ಎರಡು ಮೂರು ಸಲ ಮಾಡಿ. ದಿನನಿತ್ಯವೂ ಅಷ್ಟೇ, ಅರ್ಧಕ್ಕೆ ಕೈ ತೆಗೆದು ಮತ್ತೆ ಒತ್ತಿ ಆಟ ಆಡಬೇಡಿ. ಮೋಟಾರನ್ನು ಮೇಲಿಂದ ಹಿಡಿದಿರುವ ಚಿಕ್ಕ ಸ್ಕ್ರೂ ಒಂದಿರುತ್ತದೆ. ಅದು ಸಡಿಲವಾದರೆ ಮೋಟಾರ್ ಮೇಲಕ್ಕೆದ್ದು ಸುಮ್ನೆ ಸುತ್ತುತ್ತದೆ. ಆ ಸ್ಕ್ರೂ ಒಂದನ್ನು ಬಿಗಿ ಮಾಡಿ, ಉಳಿದದ್ದು ಬಿಡಿ.

ಅರ್ಧದಲ್ಲಿ ನಿಂತರೆ

ಫ್ಯೂಸ್, ಬ್ರೇಕರ್ ನೋಡಿ. ಎಂಜಿನ್ ಶುರು ಮಾಡಿ ಅಥವಾ ಚಾರ್ಜರ್ ಹಾಕಿ ಮತ್ತೆ ಒತ್ತಿ ನೋಡಿ. ಆಗದಿದ್ದರೆ ಸಾಮಾನ್ಯವಾಗಿ ಕೈಯಿಂದ ಎಳೆಯುವ ವ್ಯವಸ್ಥೆ ಇರುತ್ತದೆ. ಹಲವು ಮೋಟಾರ್‌ಗಳ ಹಿಂಬದಿಯಲ್ಲಿ ಬ್ರೇಕ್ ಬಿಡಿಸುವ ಲಿವರ್, ಪಕ್ಕದಲ್ಲಿ ರಾಚೆಟ್ ಪಾನಾ ಕೂರುವ ಷಟ್ಕೋನದ ತುದಿ ಇರುತ್ತದೆ. ಇದು ಎಲ್ಲಿದೆ ಅಂತ ಬಿಸಿಲಿರುವ ದಿನ, ಸಮಾಧಾನವಾಗಿರುವಾಗ ಹುಡುಕಿಟ್ಟುಕೊಳ್ಳಿ. ಆರಿದ್ರಾ ಮಳೆಯಲ್ಲಿ, ರಾತ್ರಿ, ಮೊಬೈಲ್ ಬೆಳಕಿನಲ್ಲಿ, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಹುಡುಕುವ ಕೆಲಸ ಅಲ್ಲ ಅದು. ಎಳೆದಾದ ಮೇಲೆ ಬ್ರೇಕ್ ಲಿವರನ್ನು ಮರಳಿ ಹಾಕಲೇಬೇಕು. ಮರೆತರೆ ಮೋಟಾರಿಗೆ ಹಿಡಿತವೇ ಇರುವುದಿಲ್ಲ, ತಿರುವಿನಲ್ಲಿ ಸ್ಲೈಡ್ ತಾನಾಗಿ ಹೊರಗೆ ಬರಬಹುದು.

ಯಾವಾಗ ಏನು

ಮೇ ಕೊನೆಯಲ್ಲಿ, ಮೃಗಶಿರ ಹಿಡಿಯುವ ಮುಂಚೆ ಮೇಲಿನ ಆರೂ ಹೆಜ್ಜೆ ಒಮ್ಮೆ ಮಾಡಿ. ಮಳೆಗಾಲದಲ್ಲಿ ಗಾಡಿ ನಿಂತೇ ಇರುವುದಾದರೆ ಸ್ಲೈಡ್ ಒಳಗಿಡಿ, ತಿಂಗಳಿಗೊಮ್ಮೆ ಹೊಳವಾದ ದಿನ ಹೊರಗೆ ಬಿಟ್ಟು ಒಣಗಿಸಿ ಒಳಗೆ ತನ್ನಿ. ಅಕ್ಟೋಬರ್‌ನಲ್ಲಿ ತುಕ್ಕು, ರಬ್ಬರ್, ಅರ್ತ್ ಮೂರನ್ನು ಮತ್ತೆ ನೋಡಿ. ಬಯಲುಸೀಮೆಯಲ್ಲಿ ಇಟ್ಟುಕೊಂಡವರು ಪ್ರತಿ ಪ್ರಯಾಣದ ನಂತರ ಹಲ್ಲು ಒರೆಸಿದರೆ ಸಾಕು.

ಶಿರಾಡಿಗೋ ಚಾರ್ಮಾಡಿಗೋ ಇಳಿಯುವ ದಿನ ಇಷ್ಟು ನೋಡಿ: ಸ್ಲೈಡ್ ಪೂರ್ತಿ ಒಳಗೆ, ಮೋಟಾರ್ ಬ್ರೇಕ್ ಹಾಕಿದೆ, ಪ್ರಯಾಣದ ಲಾಕ್ ಬಾರ್ ಇದ್ದರೆ ಅದು ಕೂತಿದೆ, ಒಳಗಿನ ಮೇಜು-ಕುರ್ಚಿ ಸ್ಲೈಡ್ ದಾರಿಯಲ್ಲಿಲ್ಲ. ಘಾಟಿ ಇಳಿದ ಮೇಲೆ ಮೊದಲು ನಿಲ್ಲಿಸುವ ಜಾಗದಲ್ಲಿ ಬಗ್ಗಿ ಆ ಬಿಳಿ ಗೆರೆಗಳನ್ನು ನೋಡಿ. ಮುರಿದಿದ್ದರೆ ಆ ಬದಿಯ ಲಾಕ್ ನಟ್ ಒಂದನ್ನು ಬಿಗಿ ಮಾಡಿ, ಸ್ಲೈಡ್ ಬಿಡುವುದು ಅದಾದ ಮೇಲೆ.